ಹಳೆಯ ಗಣಕಯಂತ್ರದ ದೋಷಶೋಧನೆ ಮತ್ತು ದುರಸ್ತಿ

ಮನುಷ್ಯನು ನಿರ್ಮಿಸಿದ ಯಂತ್ರಗಳಲ್ಲಿ ಗಣಕಯಂತ್ರದಷ್ಟು ಬೇಗನೆ ಹಳತಾಗುವುದು ಮತ್ತೊಂದಿಲ್ಲ. ಅಜ್ಜನ ಕಾಲದ ಗೋಡೆಗಡಿಯಾರವನ್ನು ಮೊಮ್ಮಗನು ಕೀಲಿಕೊಟ್ಟು ನಡೆಸುತ್ತಾನೆ. ಹೊಲಿಗೆಯಂತ್ರವು ಎರಡು ತಲೆಮಾರು ಬಾಳುತ್ತದೆ. ಗಣಕಯಂತ್ರವಾದರೋ ಹತ್ತು ವರ್ಷ ಕಳೆಯುವುದರೊಳಗೆ ಕಪಾಟಿನ ಮೂಲೆಯನ್ನು ಸೇರುತ್ತದೆ. ಹೀಗೆ ಮೂಲೆ ಸೇರಿದವುಗಳೆಲ್ಲ ಕೆಟ್ಟುಹೋದವೆಂದು ಭಾವಿಸಬೇಕಾಗಿಲ್ಲ. ಅನೇಕ ಯಂತ್ರಗಳು ಸಣ್ಣಪುಟ್ಟ ದೋಷಗಳಿಂದ ಮೂಕವಾಗಿರುತ್ತವೆಯೇ ಹೊರತು ನಿರ್ಜೀವವಾಗಿರುವುದಿಲ್ಲ. ಆ ದೋಷಗಳನ್ನು ಕ್ರಮವರಿತು ಗುರುತಿಸುವುದು ಹೇಗೆ, ಅಪಾಯವಿಲ್ಲದೆ ಸರಿಪಡಿಸುವುದು ಹೇಗೆ ಎಂಬುದನ್ನು ಒಂದು ನಿರ್ದಿಷ್ಟ ಯಂತ್ರದ ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗಾಗಿ ಇಲ್ಲಿ ಆರಿಸಿಕೊಂಡಿರುವುದು ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯು ಬ್ರಿಟಿಷ್ ಪ್ರಸಾರ ಸಂಸ್ಥೆಯ ಗಣಕ ಸಾಕ್ಷರತಾ ಯೋಜನೆಗಾಗಿ ಇದನ್ನು ೧೯೮೧ರ ಡಿಸೆಂಬರಿನಲ್ಲಿ ಹೊರತಂದಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇದರ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದವರು. ಇವರೇ ಮುಂದೆ ಎ.ಆರ್.ಎಂ. ಎಂಬ ಸಂಸ್ಕಾರಕವನ್ನು ರೂಪಿಸಿದರು. ಇಂದು ಜನರ ಜೇಬಿನಲ್ಲಿರುವ ಮೊಬೈಲ್ ಫೋನುಗಳನ್ನು ನಡೆಸುತ್ತಿರುವುದು ಅದೇ ಕುಲದ ಚಿಪ್ಪು. ಬಿ.ಬಿ.ಸಿ. ಮೈಕ್ರೋವಿಗೂ ಭಾರತಕ್ಕೂ ನೇರವಾದ ಸಂಬಂಧವಿದೆ. ಕೇಂದ್ರ ಸರ್ಕಾರವು ೧೯೮೪-೮೫ರಲ್ಲಿ ‘ಕ್ಲಾಸ್’ ಎಂಬ ಹೆಸರಿನ ಶಾಲಾ ಗಣಕ ಶಿಕ್ಷಣ ಯೋಜನೆಯನ್ನು ದೇಶದ ಸುಮಾರು ೨೫೦ ಪ್ರೌಢಶಾಲೆಗಳಲ್ಲಿ ಪ್ರಾರಂಭಿಸಿದಾಗ, ಮಕ್ಕಳ ಕೈಗೆ ಕೊಟ್ಟದ್ದು ಇದೇ ಯಂತ್ರವನ್ನು. ನಮ್ಮ ನಾಡಿನ ಒಂದು ಪೀಳಿಗೆಯ ವಿದ್ಯಾರ್ಥಿಗಳಲ್ಲಿ ಹಲವರು ಗಣಕಯಂತ್ರದ ಮುಖವನ್ನು ಮೊದಲು ಕಂಡದ್ದು ಇದರಲ್ಲಿಯೇ.

ಯಂತ್ರದ ಒಳರಚನೆ

ದೋಷವನ್ನು ಹುಡುಕುವವನು ಮೊದಲು ನಿರ್ದೋಷವಾದ ಯಂತ್ರದ ನಡವಳಿಕೆಯನ್ನು ಅರಿತಿರಬೇಕು. ಬಿ.ಬಿ.ಸಿ. ಮೈಕ್ರೋವಿನ ಕೀಲಿಮಣೆಯೂ ಯಂತ್ರವೂ ಒಂದೇ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆಯ ಎಡಬದಿಯಲ್ಲಿ ವಿದ್ಯುತ್ ಪೂರೈಕೆಯ ಲೋಹದ ಡಬ್ಬವಿದೆ. ಮನೆಯ ವಿದ್ಯುತ್ತನ್ನು ೫ ವೋಲ್ಟಿಗೆ ಇಳಿಸಿ ಕೊಡುವುದು ಇದರ ಕೆಲಸ. ಉಳಿದ ಭಾಗದಲ್ಲಿ ಮುಖ್ಯ ಫಲಕವು ಹರಡಿಕೊಂಡಿದೆ. ಅದರ ಮೇಲೆ ೬೫೦೨ ಎಂಬ ಸಂಸ್ಕಾರಕವು ಸೆಕೆಂಡಿಗೆ ೨೦ ಲಕ್ಷ ಸ್ಪಂದನಗಳ ವೇಗದಲ್ಲಿ ಕೆಲಸ ಮಾಡುತ್ತದೆ. ಸ್ಥಿರವಾದ ಬರಹವಿರುವ ರೋಮ್ ಚಿಪ್ಪುಗಳು, ಅಂದರೆ ಓದಲು ಮಾತ್ರ ಬರುವ ‘ಆರ್.ಓ.ಎಂ.’ಗಳು, ಸಾಕೆಟ್ಟುಗಳಲ್ಲಿ ಕೂತಿರುತ್ತವೆ. ಇವುಗಳಲ್ಲಿ ಒಂದರಲ್ಲಿ ಯಂತ್ರದ ಆಡಳಿತ ವ್ಯವಸ್ಥೆಯೂ ಇನ್ನೊಂದರಲ್ಲಿ ಬೇಸಿಕ್ ಭಾಷೆಯೂ ಇವೆ. ಬರೆದು ಅಳಿಸಬಹುದಾದ ‘ಆರ್.ಎ.ಎಂ.’ ಸ್ಮೃತಿಯು ‘ಬಿ’ ಮಾದರಿಯಲ್ಲಿ ೩೨ ಕಿಲೋಬೈಟ್. ಇದು ೧೬ ಚಿಪ್ಪುಗಳಲ್ಲಿ, ಎಂಟೆಂಟರ ಎರಡು ಗುಂಪುಗಳಾಗಿ ಹಂಚಿಕೊಂಡಿದೆ. ಚಿತ್ರವನ್ನು ತೆರೆಯ ಮೇಲೆ ಮೂಡಿಸಲು, ಶಬ್ದ ಹೊರಡಿಸಲು, ಕೀಲಿಮಣೆಯನ್ನು ಗಮನಿಸಲು ಬೇರೆ ಬೇರೆ ಚಿಪ್ಪುಗಳಿವೆ.

ಈ ಯಂತ್ರದ ಒಂದು ದೊಡ್ಡ ಗುಣವೆಂದರೆ ಮುಖ್ಯವಾದ ಅನೇಕ ಚಿಪ್ಪುಗಳು ಸಾಕೆಟ್ಟಿನಲ್ಲಿರುವುದು. ಇಂದಿನ ಯಂತ್ರಗಳಲ್ಲಿ ಒಂದು ಭಾಗ ಕೆಟ್ಟರೆ ಇಡೀ ಫಲಕವನ್ನೇ ಬದಲಿಸಬೇಕಾಗುತ್ತದೆ. ಇಲ್ಲಿ ಕೆಟ್ಟ ಭಾಗವನ್ನು ಬೆರಳಿಟ್ಟು ತೋರಿಸಬಹುದು.

ಮೊದಲ ಎಚ್ಚರಿಕೆ

ಬಹುಕಾಲ ಬಿದ್ದಿದ್ದ ಯಂತ್ರ ಕೈಗೆ ಬಂದೊಡನೆ ಪ್ಲಗ್ಗನ್ನು ಚುಚ್ಚಿ ಸ್ವಿಚ್ಚು ಒತ್ತುವುದು ಸಹಜವಾದ ಕುತೂಹಲ. ಆದರೆ ಅದನ್ನು ತಡೆಯಲೇಬೇಕು. ವಿದ್ಯುತ್ ಪೂರೈಕೆಯ ಡಬ್ಬದೊಳಗೆ, ಮನೆಯ ವಿದ್ಯುತ್ತಿನ ಎರಡು ತಂತಿಗಳ ನಡುವೆ, ಗೊಂದಲದ ತರಂಗಗಳನ್ನು ತಡೆಯಲು ಎರಡು ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಆ ಕಾಲದಲ್ಲಿ ಬಳಸಿದವು ಲೋಹಲೇಪಿತ ಕಾಗದದಿಂದ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿದವು. ದಶಕಗಳು ಕಳೆದಂತೆ ಈ ಹೊದಿಕೆಯು ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಗಾಳಿಯ ತೇವವು ಒಳಗಿನ ಕಾಗದವನ್ನು ಸೇರುತ್ತದೆ. ಆಮೇಲೆ ವಿದ್ಯುತ್ ಹರಿಸಿದರೆ ಕೆಲವು ನಿಮಿಷಗಳಲ್ಲಿ ಕೆಪಾಸಿಟರು ಒಡೆದು, ದಟ್ಟವಾದ ಹೊಗೆಯೂ ಸಹಿಸಲಾಗದ ದುರ್ವಾಸನೆಯೂ ಕೋಣೆಯನ್ನು ತುಂಬುತ್ತವೆ. ಮಳೆಗಾಲವನ್ನು ಹಲವು ಬಾರಿ ಕಂಡ ನಮ್ಮ ಕೊಠಡಿಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು.

ಹೀಗಾದಾಗ ಯಂತ್ರವೇ ಸುಟ್ಟಿತೆಂದು ಎಸೆಯುವವರುಂಟು. ವಾಸ್ತವವಾಗಿ ಈ ಕೆಪಾಸಿಟರುಗಳು ಗೊಂದಲ ನಿವಾರಣೆಗೆ ಮಾತ್ರ ಇರುವುದರಿಂದ ಅವು ಒಡೆದರೂ ಯಂತ್ರದ ಉಳಿದ ಭಾಗಕ್ಕೆ ಸಾಮಾನ್ಯವಾಗಿ ಹಾನಿಯಾಗಿರುವುದಿಲ್ಲ. ೦.೧ ಮತ್ತು ೦.೦೧ ಮೈಕ್ರೋಫ್ಯಾರಡ್ ಬೆಲೆಯ, ‘ಎಕ್ಸ್ ೨’ ಎಂಬ ಸುರಕ್ಷತಾ ವರ್ಗದ ಹೊಸ ಕೆಪಾಸಿಟರುಗಳನ್ನು ಹಾಕಿದರೆ ದೋಷವು ನಿವಾರಣೆಯಾಗುತ್ತದೆ. ಬೆಲೆ ಸರಿಯಿದೆಯೆಂದು ಬೇರೆ ವರ್ಗದ ಸಾಮಾನ್ಯ ಕೆಪಾಸಿಟರನ್ನು ಇಲ್ಲಿ ಬಳಸಕೂಡದು; ಅದು ಬೆಂಕಿಗೆ ದಾರಿಯಾದೀತು.

ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸತಕ್ಕದ್ದು. ೨೩೦ ವೋಲ್ಟಿನ ಮನೆಯ ವಿದ್ಯುತ್ತನ್ನು ಏಕಮುಖಗೊಳಿಸಿದಾಗ ಡಬ್ಬದೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು ೩೨೫ ವೋಲ್ಟು ಶೇಖರವಾಗುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕೆಲಕಾಲ ಉಳಿಯಬಹುದು. ಹಳೆಯ ಗಾಜಿನ ಕೊಳವೆಯ ಮಾನಿಟರಿನ ಒಳಗಂತೂ ಸಾವಿರಾರು ವೋಲ್ಟುಗಳಿರುತ್ತವೆ. ಅದನ್ನು ವಿದ್ಯಾರ್ಥಿಗಳು ಯಾವ ಕಾರಣಕ್ಕೂ ತೆರೆಯಬಾರದು. ವಿದ್ಯುತ್ ಪೂರೈಕೆಯ ಡಬ್ಬ ಮತ್ತು ಮಾನಿಟರು ಇವೆರಡನ್ನು ಬಿಟ್ಟರೆ ಯಂತ್ರದ ಉಳಿದ ಭಾಗಗಳಲ್ಲಿ ಪ್ರಾಣಾಪಾಯದ ವೋಲ್ಟೇಜು ಇಲ್ಲ.

ಪೆಟ್ಟಿಗೆಯನ್ನು ತೆರೆಯುವುದು

ಪೆಟ್ಟಿಗೆಯ ಹಿಂಬದಿಯಲ್ಲಿ ಎರಡು, ತಳದಲ್ಲಿ ಎರಡು ತಿರುಪುಗಳಿವೆ. ಯಾವುವನ್ನು ಬಿಚ್ಚಬೇಕೆಂದು ತಿಳಿಯಲು ಅವುಗಳ ಪಕ್ಕದಲ್ಲಿ ‘ಫಿಕ್ಸ್’ ಎಂದು ಅಚ್ಚೊತ್ತಿರುವುದು ತಯಾರಕರ ಮುಂದಾಲೋಚನೆಗೆ ಸಾಕ್ಷಿ. ಮುಚ್ಚಳವನ್ನು ತೆಗೆದ ಬಳಿಕ ಕೀಲಿಮಣೆಯನ್ನು ಸಡಿಲಿಸಿ, ಅದರ ಪಟ್ಟಿತಂತಿಯನ್ನು ನಿಧಾನವಾಗಿ ಬಿಡಿಸಬೇಕು. ಧೂಳನ್ನು ಮೃದುವಾದ ಬಣ್ಣದ ಕುಂಚದಿಂದ ಗುಡಿಸಬೇಕು. ಒದ್ದೆ ಬಟ್ಟೆ ಸಲ್ಲದು. ಚಿಪ್ಪುಗಳನ್ನು ಮುಟ್ಟುವ ಮೊದಲು ಭೂಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಬೇಸಿಗೆಯ ಒಣಹವೆಯಲ್ಲಿ, ನೈಲಾನ್ ಉಡುಪಿನಲ್ಲಿ, ಈ ಎಚ್ಚರಿಕೆ ಇಮ್ಮಡಿಯಾಗಿರಲಿ. ಪ್ರತಿಯೊಂದು ಭಾಗವನ್ನು ತೆಗೆಯುವ ಮುನ್ನ ಅದು ಇದ್ದ ಸ್ಥಳವನ್ನೂ ದಿಕ್ಕನ್ನೂ ಕಾಗದದಲ್ಲಿ ಬರೆದಿಡುವುದು ಅಥವಾ ಛಾಯಾಚಿತ್ರ ತೆಗೆದಿಡುವುದು ಉತ್ತಮ.

ವಿದ್ಯುತ್ ಪೂರೈಕೆ ಸರಿಯಾದ ಮೇಲೆ ಮುಖ್ಯ ಫಲಕದಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜನ್ನು ಅಳೆಯಬೇಕು. ಡಬ್ಬದಿಂದ ಬರುವ ಕೆಂಪು ತಂತಿಗಳಲ್ಲಿ ೫ ವೋಲ್ಟು ಇರಬೇಕು; ೪.೭೫ಕ್ಕಿಂತ ಕಡಿಮೆಯಾಗಲಿ ೫.೨೫ಕ್ಕಿಂತ ಹೆಚ್ಚಾಗಲಿ ಆಗಬಾರದು. ಕೆಂಪು-ಕಪ್ಪು ತಂತಿಗಳ ಜೋಡಿಗಳು ಮೂರಿವೆ. ಮೂರೂ ಬಿಗಿಯಾಗಿ ಕೂತಿರಬೇಕು. ವೋಲ್ಟೇಜು ಕಡಿಮೆಯಿದ್ದಾಗ ಯಂತ್ರವು ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ. ಅದನ್ನು ಕಂಡು ಚಿಪ್ಪುಗಳನ್ನು ಶಂಕಿಸಿ ಕಾಲಹರಣ ಮಾಡುವವರು ಬಹಳ. ಆಹಾರ ಸರಿಯಿಲ್ಲದವನಿಗೆ ಔಷಧ ಕೊಟ್ಟು ಫಲವೇನು? ಆದುದರಿಂದ ವಿದ್ಯುತ್ ಪೂರೈಕೆಯ ಪರೀಕ್ಷೆಯೇ ಎಲ್ಲಕ್ಕೂ ಮೊದಲು.

ಧ್ವನಿಯೇ ಲಕ್ಷಣ

ವೈದ್ಯನು ರೋಗಿಯ ನಾಡಿ ಹಿಡಿಯುವಂತೆ, ಈ ಯಂತ್ರವನ್ನು ಪರೀಕ್ಷಿಸುವವನು ಅದರ ಧ್ವನಿಗೆ ಕಿವಿಗೊಡಬೇಕು. ಸ್ವಿಚ್ಚು ಒತ್ತಿದೊಡನೆ ಮೊದಲು ಒಂದು ತಗ್ಗಿದ ಸ್ವರ, ಅದರ ಬೆನ್ನಿಗೇ ಒಂದು ಚಿಕ್ಕ ಎತ್ತರದ ಸ್ವರ ಕೇಳಿಬಂದರೆ ಯಂತ್ರವು ಆರೋಗ್ಯವಾಗಿದೆ. ಇದರ ಕಾರಣ ಸ್ವಾರಸ್ಯಕರವಾಗಿದೆ. ವಿದ್ಯುತ್ ಬಂದೊಡನೆ ಶಬ್ದದ ಚಿಪ್ಪು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ನಾದ ಹೊರಡಿಸುತ್ತದೆ. ಸಂಸ್ಕಾರಕವು ಎಚ್ಚೆತ್ತು ಆಡಳಿತ ವ್ಯವಸ್ಥೆಯ ಆಜ್ಞೆಗಳನ್ನು ಓದತೊಡಗಿದಾಗ ಆ ನಾದವನ್ನು ನಿಲ್ಲಿಸಿ, ತಾನು ಸಿದ್ಧನೆಂದು ಸೂಚಿಸಲು ಎರಡನೆಯ ಸ್ವರವನ್ನು ನುಡಿಸುತ್ತದೆ.

ಇದನ್ನು ಅರಿತರೆ ಮೂರು ತೀರ್ಮಾನಗಳು ದೊರಕುತ್ತವೆ. ಶಬ್ದವೇ ಇಲ್ಲದಿದ್ದರೆ ವಿದ್ಯುತ್ ಬಂದಿಲ್ಲ, ಇಲ್ಲವೇ ಧ್ವನಿವರ್ಧಕದ ತಂತಿ ಕಳಚಿದೆ. ಎರಡೂ ಸ್ವರಗಳು ಕೇಳಿ ತೆರೆಯ ಮೇಲೆ ಮಾತ್ರ ಏನೂ ಕಾಣದಿದ್ದರೆ ಯಂತ್ರದ ಮೆದುಳು ಸರಿಯಿದೆ. ಚಿತ್ರದ ಭಾಗವನ್ನು ನೋಡಬೇಕು. ಮೊದಲ ಸ್ವರವೇ ನಿಲ್ಲದೆ ಮೊರೆಯುತ್ತಿದ್ದರೆ ಸಂಸ್ಕಾರಕವು ಕೆಲಸವನ್ನು ಪ್ರಾರಂಭಿಸಿಯೇ ಇಲ್ಲ.

ಮೂರನೆಯದೇ ಹೆಚ್ಚಾಗಿ ಕಾಣುವ ದೋಷ. ಇದಕ್ಕೆ ಹೆದರಬೇಕಾಗಿಲ್ಲ. ಕೀಲಿಮಣೆಯ ‘ಬ್ರೇಕ್’ ಕೀಲಿಯು ಒತ್ತಿಕೊಂಡೇ ಉಳಿದಿದ್ದರೂ ಹೀಗಾಗುತ್ತದೆ. ಮೊದಲು ಅದನ್ನು ನೋಡಬೇಕು. ಎರಡನೆಯದಾಗಿ ಸಾಕೆಟ್ಟಿನ ಚಿಪ್ಪುಗಳ ಕಾಲುಗಳು ಕಪ್ಪಾಗಿ ಸಂಪರ್ಕ ತಪ್ಪಿರಬಹುದು. ಬಿಸಿಯಾಗಿ ತಣ್ಣಗಾಗುವ ಕ್ರಿಯೆ ವರ್ಷಗಟ್ಟಲೆ ನಡೆದು ಚಿಪ್ಪುಗಳು ಸಾಕೆಟ್ಟಿನಿಂದ ತುಸುತುಸುವೇ ಮೇಲಕ್ಕೆ ಏಳುವುದೂ ಉಂಟು. ವಿದ್ಯುತ್ತನ್ನು ಆರಿಸಿ ಪ್ರತಿಯೊಂದು ಚಿಪ್ಪನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದರೆ ಎಷ್ಟೋ ಯಂತ್ರಗಳು ಅಷ್ಟರಿಂದಲೇ ಮಾತನಾಡತೊಡಗುತ್ತವೆ. ಅದು ಸಾಲದಿದ್ದರೆ ಚಪ್ಪಟೆ ಮೊನೆಯ ಸ್ಕ್ರೂಡ್ರೈವರಿನಿಂದ ಚಿಪ್ಪಿನ ಎರಡು ತುದಿಗಳನ್ನೂ ಸ್ವಲ್ಪ ಸ್ವಲ್ಪವೇ ಸರದಿಯಂತೆ ಎತ್ತಿ, ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೊದಲಿನ ದಿಕ್ಕಿನಲ್ಲಿಯೇ ಕೂಡಿಸಬೇಕು. ಒಂದು ತುದಿಯನ್ನು ಮಾತ್ರ ಮೀಟಿದರೆ ಕಾಲು ಮುರಿಯುತ್ತದೆ. ದಿಕ್ಕು ತಪ್ಪಿಸಿ ಕೂಡಿಸಿದರೆ ಚಿಪ್ಪೇ ಸುಡುತ್ತದೆ.

ಆಡಳಿತ ವ್ಯವಸ್ಥೆ ಮತ್ತು ಬೇಸಿಕ್ ಇವೆರಡನ್ನುಳಿದು ಇತರ ಆರ್.ಓ.ಎಂ.ಗಳನ್ನು ಪರೀಕ್ಷೆಯ ಕಾಲದಲ್ಲಿ ತೆಗೆದಿಡುವುದು ಒಳ್ಳೆಯದು. ಯಂತ್ರವು ನಡೆದ ಬಳಿಕ ಒಂದೊಂದಾಗಿ ಮತ್ತೆ ಸೇರಿಸಿದರೆ ಯಾವುದರಿಂದ ತೊಂದರೆ ಎಂಬುದು ತಾನಾಗಿ ಬಯಲಾಗುತ್ತದೆ. ತೆರೆಯ ಮೇಲೆ ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ ಮೂಡಿದರೆ ಯಂತ್ರಕ್ಕೆ ಬೇಸಿಕ್ ಚಿಪ್ಪು ಸಿಕ್ಕಿಲ್ಲವೆಂದು ಅರ್ಥ. ಆ ಸಾಕೆಟ್ಟನ್ನು ಮಾತ್ರ ನೋಡಿದರೆ ಸಾಕು.

ಸ್ಮೃತಿಯ ದೋಷ

ಸ್ಮೃತಿಯ ಚಿಪ್ಪುಗಳ ದೋಷವನ್ನು ಪತ್ತೆಹಚ್ಚುವುದು ಗಣಿತದ ಅಭ್ಯಾಸವೇ ಸರಿ. ಸಂಸ್ಕಾರಕವು ತನ್ನ ದಿನಚರಿಯ ಲೆಕ್ಕವನ್ನು ಸ್ಮೃತಿಯ ಕೆಳಗಿನ ಅರ್ಧದಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಆ ಅರ್ಧದ ಒಂದು ಚಿಪ್ಪು ಕೆಟ್ಟರೂ ಯಂತ್ರವು ಪ್ರಾರಂಭವಾಗುವುದೇ ಕಷ್ಟ. ಪ್ರಾರಂಭದಲ್ಲಿ ಕಾಣುವ ತೆರೆಯ ಬರಹವಾದರೋ ‘ಬಿ’ ಮಾದರಿಯಲ್ಲಿ ಮೇಲಿನ ಅರ್ಧದಲ್ಲಿರುತ್ತದೆ. ಅಲ್ಲಿಯ ಚಿಪ್ಪು ಕೆಟ್ಟರೆ ಯಂತ್ರವು ನಡೆದರೂ ಅಕ್ಷರಗಳು ಬದಲಾಗಬಹುದು.

ಪ್ರತಿ ಗುಂಪಿನಲ್ಲಿ ಎಂಟು ಚಿಪ್ಪುಗಳಿವೆಯಷ್ಟೆ. ಒಂದು ಅಕ್ಷರದ ಸಂಕೇತದಲ್ಲಿರುವ ಎಂಟು ಅಂಶಗಳನ್ನು ಅವು ಒಂದೊಂದಾಗಿ ಹಂಚಿಕೊಂಡಿವೆ. ಇಂಗ್ಲಿಷಿನ ‘ಎ’ ಅಕ್ಷರದ ಸಂಕೇತ ೬೫, ‘ಬಿ’ಯದು ೬೬, ‘ಸಿ’ಯದು ೬೭. ‘ಎ’ ಎಂದು ಒತ್ತಿದಾಗಲೆಲ್ಲ ‘ಸಿ’ ಎಂದು ಮೂಡುತ್ತ, ‘ಬಿ’ ಮಾತ್ರ ಸರಿಯಾಗಿಯೇ ಉಳಿದರೆ, ೬೫ಕ್ಕೆ ೨ ಸೇರಿ ೬೭ ಆಗುತ್ತಿದೆ. ೬೬ರಲ್ಲಿ ಆ ೨ ಮೊದಲೇ ಇರುವುದರಿಂದ ವ್ಯತ್ಯಾಸ ಕಾಣುತ್ತಿಲ್ಲ. ಅಂದರೆ ೨ರ ಸ್ಥಾನವನ್ನು ವಹಿಸಿಕೊಂಡ ಚಿಪ್ಪು ಸದಾ ‘ಒಂದು’ ಎಂದೇ ಹೇಳುತ್ತಿದೆ. ಹೀಗೆ ಎಂಟರಲ್ಲಿ ತಪ್ಪಿತಸ್ಥನು ಒಬ್ಬನೇ ಎಂದು ಕುಳಿತಲ್ಲಿಯೇ ನಿರ್ಧರಿಸಬಹುದು. ದ್ವಿಮಾನ ಪದ್ಧತಿಯನ್ನು ಕರಿಹಲಗೆಯ ಮೇಲೆ ಒಂದು ಗಂಟೆ ಬೋಧಿಸಿದರೂ ಹತ್ತದ ವಿದ್ಯಾರ್ಥಿಗೆ ಈ ಒಂದು ಉದಾಹರಣೆಯಿಂದ ವಿಷಯ ಮನದಟ್ಟಾದೀತು.

ಚಿತ್ರದ ದೋಷ

ಯಂತ್ರದ ಹಿಂಬದಿಯಲ್ಲಿ ಚಿತ್ರಕ್ಕಾಗಿ ಮೂರು ದಾರಿಗಳಿವೆ: ದೂರದರ್ಶನದ ಆಂಟೆನಾ ರಂಧ್ರಕ್ಕೆ ಹೋಗುವುದು, ಕಪ್ಪುಬಿಳುಪಿನ ಮಾನಿಟರಿಗೆ ಹೋಗುವುದು ಮತ್ತು ಕೆಂಪು-ಹಸಿರು-ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಒಯ್ಯುವುದು. ಆಂಟೆನಾ ದಾರಿಯು ಬ್ರಿಟನ್ನಿನ ಯು.ಎಚ್.ಎಫ್. ಪ್ರಸಾರಕ್ಕೆ ಹೊಂದಿಕೊಂಡಿದೆ. ವಿ.ಎಚ್.ಎಫ್. ಮಾತ್ರ ಹಿಡಿಯುವ ಹಳೆಯ ಭಾರತೀಯ ದೂರದರ್ಶನ ಪೆಟ್ಟಿಗೆಗಳಲ್ಲಿ ಚಿತ್ರ ಬಾರದಿದ್ದರೆ ಅದು ಯಂತ್ರದ ದೋಷವಲ್ಲ. ಅದೇ ರೀತಿ ಇಂದಿನ ಗಣಕಗಳ ಸಾಮಾನ್ಯ ಮಾನಿಟರುಗಳೂ ಇದರ ಸಂಕೇತವನ್ನು ನೇರವಾಗಿ ಸ್ವೀಕರಿಸುವುದಿಲ್ಲ. ನಡುವೆ ಪರಿವರ್ತಕ ಬೇಕಾಗುತ್ತದೆ. ಒಂದು ಬಣ್ಣ ಮಾತ್ರ ಇಲ್ಲವಾಗಿದ್ದರೆ ಮೊದಲು ಕೇಬಲ್ಲನ್ನು ಬದಲಿಸಿ ನೋಡಬೇಕು.

ಪ್ರಾರಂಭದ ತೆರೆಯನ್ನು ‘ಮೋಡ್ ೭’ ಎನ್ನುತ್ತಾರೆ. ಇದರ ಅಕ್ಷರಗಳನ್ನು ಬರೆಯುವುದಕ್ಕೇ ಒಂದು ಪ್ರತ್ಯೇಕ ಚಿಪ್ಪಿದೆ. ಇಲ್ಲಿ ಅಕ್ಷರಗಳು ಕೆಟ್ಟು, ‘ಮೋಡ್ ೪’ ಎಂದು ಬೆರಳಚ್ಚು ಮಾಡಿದಾಗ ಸರಿಯಾಗಿ ಮೂಡಿದರೆ ದೋಷವು ಆ ಚಿಪ್ಪಿನಲ್ಲಿ ಅಥವಾ ಅದರ ಸಾಕೆಟ್ಟಿನಲ್ಲಿದೆ. ಪ್ರಾರಂಭದಲ್ಲಿ ಚೆನ್ನಾಗಿದ್ದು, ಹತ್ತು ನಿಮಿಷದ ಬಳಿಕ ತೆರೆಯಲ್ಲಿ ಚುಕ್ಕೆಗಳು ಮಿನುಗಿದರೆ ವಿಡಿಯೋ ಯು.ಎಲ್.ಎ. ಎಂಬ ಚಿಪ್ಪು ಅತಿಯಾಗಿ ಬಿಸಿಯಾಗುತ್ತಿದೆಯೆಂದು ಶಂಕಿಸಬೇಕು. ಹಳೆಯ ಯಂತ್ರಗಳಲ್ಲಿ ಇದರ ಮೇಲೆ ಶಾಖವನ್ನು ಹೀರುವ ಲೋಹದ ರೆಕ್ಕೆಯನ್ನು ಅಂಟಿಸಿರುತ್ತಾರೆ. ಅದು ಕಳಚಿದ್ದರೆ ಮತ್ತೆ ಕೂಡಿಸಬೇಕು.

ಕೀಲಿಮಣೆ

ಒಂದೆರಡು ಕೀಲಿಗಳು ಮಾತ್ರ ಕೆಲಸ ಮಾಡದಿದ್ದರೆ ಅವುಗಳ ಸಂಪರ್ಕಗಳಲ್ಲಿ ಕೊಳೆ ಸೇರಿದೆ. ಕೆಲವು ಹನಿ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಿಟ್ಟು ನೂರಿನ್ನೂರು ಬಾರಿ ಒತ್ತಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇಲ್ಲದಿದ್ದರೆ ಅಪರೂಪಕ್ಕೆ ಬಳಸುವ ಕೀಲಿಯ ಸ್ವಿಚ್ಚನ್ನು ಬೆಸುಗೆ ಬಿಡಿಸಿ ತಂದು ಇಲ್ಲಿ ಹಾಕಬಹುದು. ಒಂದು ಗುಂಪಿನ ಕೀಲಿಗಳೆಲ್ಲ ಏಕಕಾಲಕ್ಕೆ ಸುಮ್ಮನಾದರೆ ದೋಷವು ಕೀಲಿಗಳಲ್ಲಿಲ್ಲ. ಪಟ್ಟಿತಂತಿಯಲ್ಲಿ ಅಥವಾ ಕೀಲಿಗಳನ್ನು ಸರದಿಯಂತೆ ವಿಚಾರಿಸುವ ಚಿಪ್ಪಿನಲ್ಲಿದೆ. ಒಬ್ಬ ವಿದ್ಯಾರ್ಥಿ ಗೈರುಹಾಜರಾದರೆ ಅವನ ಮನೆಯಲ್ಲಿ ಕಾರಣ ಹುಡುಕಬೇಕು. ಇಡೀ ಊರಿನ ವಿದ್ಯಾರ್ಥಿಗಳು ಬಾರದಿದ್ದರೆ ಬಸ್ಸು ಬಂದಿಲ್ಲವೆಂದು ತಿಳಿಯಬೇಕು. ದೋಷಶೋಧನೆಯ ತತ್ವವೂ ಇದೇ.

ಧ್ವನಿಸುರುಳಿ ಮತ್ತು ಡಿಸ್ಕುಗಳು

ಯಂತ್ರಕ್ಕಿಂತ ಬೇಗನೆ ನಾಶವಾಗುವುದು ಅದರೊಡನೆ ಇರುವ ಬರಹ. ಯಂತ್ರಕ್ಕೆ ಬದಲಿ ಭಾಗ ದೊರೆತೀತು. ಅಧ್ಯಾಪಕರು ಬರೆದ ಪಾಠಕ್ರಮ, ವಿದ್ಯಾರ್ಥಿಯ ಮೊದಲ ಕ್ರಮವಿಧಿ ಇವು ಅಳಿಸಿದರೆ ಮತ್ತೆ ದೊರೆಯಲಾರವು. ಇವು ಸಾಮಾನ್ಯ ಕ್ಯಾಸೆಟ್ಟುಗಳಲ್ಲಿ ೧೨೦೦ ಮತ್ತು ೨೪೦೦ ಹರ್ಟ್ಸಿನ ಎರಡು ಸ್ವರಗಳ ರೂಪದಲ್ಲಿ ದಾಖಲಾಗಿರುತ್ತವೆ. ತಗ್ಗಿನ ಸ್ವರ ಸೊನ್ನೆಯನ್ನೂ ಎತ್ತರದ ಸ್ವರ ಒಂದನ್ನೂ ಸೂಚಿಸುತ್ತವೆ. ಟೇಪ್ ರೆಕಾರ್ಡರಿನ ಹೆಡ್ಡಿನಲ್ಲಿ ಕೊಳೆ ಕೂತರೆ ಎತ್ತರದ ಸ್ವರವೇ ಮೊದಲು ಕ್ಷೀಣಿಸುತ್ತದೆ. ಆಗ ತೆರೆಯ ಮೇಲೆ ‘ಡೇಟಾ?’ ಎಂಬ ಸಂದೇಶ ಕಾಣುತ್ತದೆ. ಟೇಪನ್ನು ತುಸು ಹಿಂದಕ್ಕೆ ಸುತ್ತಿ ಮತ್ತೆ ನಡೆಸಿದರೆ ತಪ್ಪಿಹೋದ ತುಣುಕನ್ನು ಯಂತ್ರವು ಪುನಃ ಓದಿಕೊಳ್ಳುತ್ತದೆ. ‘ಬ್ಲಾಕ್?’ ಎಂದು ಬಂದರೆ ತುಣುಕುಗಳ ಅನುಕ್ರಮ ತಪ್ಪಿದೆಯೆಂದು ಅರ್ಥ. ಹೆಡ್ಡನ್ನು ಶುಚಿಗೊಳಿಸುವುದು, ಧ್ವನಿಯ ಮಟ್ಟವನ್ನು ಹೆಚ್ಚು ಕಡಿಮೆ ಮಾಡಿ ನೋಡುವುದು, ಸಡಿಲಗೊಂಡ ರಬ್ಬರ್ ಬೆಲ್ಟನ್ನು ಬದಲಿಸುವುದು ಇವೇ ಪರಿಹಾರಗಳು.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನಾಗಲಿ ಡಿಸ್ಕನ್ನಾಗಲಿ ಯಂತ್ರಕ್ಕೆ ಹಾಕಕೂಡದು. ಆ ಬೂಷ್ಟು ಹೆಡ್ಡಿಗೆ ಅಂಟಿ ಮುಂದೆ ಹಾಕುವ ಒಳ್ಳೆಯ ಡಿಸ್ಕನ್ನೂ ಗೀರುತ್ತದೆ. ಡ್ರೈವನ್ನು ಮೊದಲು ಬೆಲೆಯಿಲ್ಲದ ಒಂದು ಡಿಸ್ಕಿನಿಂದ ಪರೀಕ್ಷಿಸಬೇಕು. ಐದೂಕಾಲು ಅಂಗುಲದ ಡಿಸ್ಕಿನ ಅಂಚಿನ ಕಚ್ಚನ್ನು ಕಾಗದದ ಅಂಟುಪಟ್ಟಿಯಿಂದ ಮುಚ್ಚಿದರೆ ಅಕಸ್ಮಾತ್ತಾಗಿ ಅಳಿಸುವ ಭಯವಿಲ್ಲ. ಕ್ಯಾಸೆಟ್ಟಿನ ಧ್ವನಿಯನ್ನು ಇಂದಿನ ಗಣಕಕ್ಕೆ ಸಂಕುಚಿತಗೊಳಿಸದ ಧ್ವನಿಕಡತವಾಗಿ ನಕಲು ಮಾಡಿಡುವುದು ಎಲ್ಲ ದುರಸ್ತಿಗಿಂತ ಮೊದಲು ಆಗಬೇಕಾದ ಕೆಲಸ. ಯಂತ್ರವು ಇನ್ನೊಂದು ವರ್ಷ ಕಾಯಬಲ್ಲದು, ಟೇಪು ಕಾಯಲಾರದು.

ಬಿಡಿಭಾಗಗಳು

ಕೆಪಾಸಿಟರು, ಸಾಕೆಟ್ಟು, ಸಾಮಾನ್ಯ ತರ್ಕದ ಚಿಪ್ಪುಗಳಂಥವು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಲ್ಲಿ ಹುಡುಕಬಹುದಾದ ವಸ್ತುಗಳು. ೬೫೦೨ ಕುಲದ ಚಿಪ್ಪುಗಳು ಇಂದಿಗೂ ತಯಾರಾಗುತ್ತಿವೆ. ಕೆಟ್ಟ ಆರ್.ಓ.ಎಂ.ಗೆ ಬದಲಾಗಿ ಅದರ ಬರಹವನ್ನು ೨೭೧೨೮ ಎಂಬ ಬರೆಯಬಲ್ಲ ಚಿಪ್ಪಿಗೆ ಇಳಿಸಬಹುದು. ಯು.ಎಲ್.ಎ. ಚಿಪ್ಪುಗಳು ಮಾತ್ರ ಈ ಯಂತ್ರಕ್ಕಾಗಿಯೇ ತಯಾರಾದವು. ಇನ್ನೊಂದು ಹಳೆಯ ಯಂತ್ರದಿಂದ ಅವನ್ನು ಪಡೆಯಬಹುದು. ಆದಕಾರಣ ಪೂರ್ತಿ ಕೆಟ್ಟ ಯಂತ್ರವನ್ನೂ ಎಸೆಯದೆ ಬಿಡಿಭಾಗಗಳಿಗಾಗಿ ಕಾದಿಡುವುದು ಜಾಣತನ. ಹಳೆಯ ಯಂತ್ರವನ್ನು ಶಾಲೆಗೆ ದಾನ ಮಾಡುವವರು ಅದರೊಡನೆ ಕೈಪಿಡಿ, ಕೇಬಲ್ಲು, ಕ್ಯಾಸೆಟ್ಟುಗಳನ್ನೂ ಕೊಟ್ಟರೆ ದಾನವು ಪೂರ್ಣವಾಗುತ್ತದೆ. ಅದರ ದೋಷವೇನೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ.

ಉಪಸಂಹಾರ

ಕೈಯಲ್ಲಿನ ಸಣ್ಣ ಫೋನೂ ಇದಕ್ಕಿಂತ ಸಾವಿರಾರು ಪಟ್ಟು ಶಕ್ತಿಯುಳ್ಳದ್ದಾಗಿರುವಾಗ ಈ ಯಂತ್ರವನ್ನು ದುರಸ್ತಿ ಮಾಡುವುದೇಕೆಂದು ಕೇಳಬಹುದು. ಉತ್ತರ ಸರಳವಾಗಿದೆ. ಫೋನನ್ನು ತೆರೆದು ನೋಡಿದ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಬಿ.ಬಿ.ಸಿ. ಮೈಕ್ರೋವನ್ನು ತೆರೆದರೆ ಸ್ಮೃತಿ ಯಾವುದು, ಸಂಸ್ಕಾರಕ ಯಾವುದು, ಶಬ್ದ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಕಣ್ಣಿನಿಂದ ಕಂಡು ಕೈಯಿಂದ ಮುಟ್ಟಿ ತಿಳಿಯಬಹುದು. ಲಕ್ಷಣವನ್ನು ಗಮನಿಸುವುದು, ಕಾರಣವನ್ನು ಊಹಿಸುವುದು, ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವುದು, ಕಂಡದ್ದನ್ನು ದಾಖಲಿಸುವುದು ಇವೇ ವಿಜ್ಞಾನದ ಮೆಟ್ಟಿಲುಗಳು. ಪ್ರತಿಯೊಂದು ಯಂತ್ರಕ್ಕೂ ಒಂದು ನೋಟುಪುಸ್ತಕವನ್ನಿಟ್ಟು, ದಿನಾಂಕ, ಲಕ್ಷಣ, ಮಾಡಿದ ಪರೀಕ್ಷೆ, ಬದಲಿಸಿದ ಭಾಗ ಇವನ್ನು ವಿದ್ಯಾರ್ಥಿಗಳಿಂದಲೇ ಬರೆಸಿದರೆ ಮುಂದಿನ ತಂಡದವರು ಮೊದಲಿನಿಂದ ಹುಡುಕಬೇಕಾಗಿಲ್ಲ. ಯಂತ್ರವು ಮತ್ತೆ ನುಡಿದರೆ ಸಂತೋಷ. ನುಡಿಯದೆ ಹೋದರೂ ಆ ಪುಸ್ತಕದಲ್ಲಿ ಸಂಗ್ರಹವಾದ ತಿಳಿವಳಿಕೆಯು ಶಾಲೆಯ ಆಸ್ತಿಯಾಗಿ ಉಳಿಯುತ್ತದೆ.